ಪಾದದ ಗುಳ್ಳೆಯನ್ನು ಕಡೆಗಣಿಸದಿರಿ



ಬೇಸಾಯಗಾರರ ಸಂಸಾರ ನಿಂತಿರುವುದೇ ಕಾಲುಗಳ ಮೇಲೆ. ಹೊಲಕ್ಕೆ ಹೋಗಬೇಕಾದರೂ, ನೀರು ತರಬೇಕಾದರೂ, ದನ ಮೇಯಿಸಬೇಕಾದರೂ, ಸಂತೆಗೆ ಹೋಗಬೇಕಾದರೂ ಕಾಲೇ ಆಧಾರ. ಹೀಗಿದ್ದರೂ ದೇಹದ ಅಂಗಗಳಲ್ಲೆಲ್ಲಾ ನಾವು ಅತ್ಯಂತ ಕಡಿಮೆ ಗಮನ ಕೊಡುವುದು ಪಾದಗಳಿಗೆ. ದಿನಕ್ಕೆ ಹಲವು ಬಾರಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರೂ ಅಂಗಾಲನ್ನು ತಿಂಗಳಿಗೊಮ್ಮೆಯಾದರೂ ನೋಡಿಕೊಳ್ಳುವುದು ಅಪರೂಪ.

ಪಾದಗಳಿಗೆ ಬರುವ ತೊಂದರೆಗಳಲ್ಲಿ ಅತಿ ಸಾಮಾನ್ಯವಾದುದು ನೀರುಗುಳ್ಳೆ. ಕೆಲವು ಸೀಮೆಗಳಲ್ಲಿ ಇದನ್ನು ಬೊಬ್ಬೆಯೆಂದೂ, ಮತ್ತೆ ಕೆಲವು ಕಡೆ ಬೊಕ್ಕೆಯೆಂದೂ ಕರೆಯುವರು. ‘ಹೊಸ ಚಪ್ಪಲಿ ಕಚ್ಚಿದೆ’ ಎನ್ನುವಾಗ ನಾವು ಹೇಳುವುದೂ ಸಾಮಾನ್ಯವಾಗಿ ಇದನ್ನೇ. ಬಹುಪಾಲು ಗುಳ್ಳೆಗಳು ಸುಮಾರು ಒಂದು ವಾರದಲ್ಲಿ ತಾವಾಗಿಯೇ ಮಾಯುತ್ತವೆ. ಆದರೆ ಅಲಕ್ಷ್ಯದಿಂದಲೋ ತಪ್ಪು ಉಪಚಾರದಿಂದಲೋ ಅದೇ ಗುಳ್ಳೆ ಕೀವು ತುಂಬಿ ಹುಣ್ಣಾಗಬಹುದು. ಸುಗ್ಗಿಯ ಕಾಲದಲ್ಲಿ ಹಲವು ದಿನಗಳ ಕೂಲಿಯನ್ನು ತಪ್ಪಿಸಬಹುದು. ಕೆಲವರಲ್ಲಿ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿಯನ್ನೂ ತರಬಹುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

ಗುಳ್ಳೆ ಏಕೆ ಏಳುತ್ತದೆ, ಅದನ್ನು ತಡೆಯುವುದು ಹೇಗೆ, ಎದ್ದರೆ ಮನೆಯಲ್ಲಿ ಏನು ಮಾಡಬೇಕು, ಯಾರು ಮನೆಮದ್ದಿಗೆ ಕೈಹಾಕದೆ ಕೂಡಲೇ ಆಸ್ಪತ್ರೆಗೆ ಬರಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗುಳ್ಳೆ ಏಳಲು ಕಾರಣ

ನಮ್ಮ ಚರ್ಮದಲ್ಲಿ ಹೊರಚರ್ಮ ಮತ್ತು ಒಳಚರ್ಮ ಎಂಬ ಎರಡು ಮುಖ್ಯ ಭಾಗಗಳಿವೆ. ಹೊರಚರ್ಮವೂ ಒಂದರ ಮೇಲೊಂದು ಹಾಸಿದ ಹಲವು ಪದರಗಳಿಂದ ಆಗಿದೆ. ನಡೆಯುವಾಗ ಪಾದದೊಳಗಿನ ಮೂಳೆಯು ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಆದರೆ ಹೊರಗಿನ ಚರ್ಮ ಚಪ್ಪಲಿಗೋ ಬೂಟಿಗೋ ಅಂಟಿಕೊಂಡಂತೆ ನಿಂತುಬಿಡುತ್ತದೆ. ಹೀಗೆ ಒಳಗಿನದು ಒಂದು ಕಡೆಗೆ, ಹೊರಗಿನದು ಮತ್ತೊಂದು ಕಡೆಗೆ ಸಾವಿರಾರು ಬಾರಿ ಎಳೆದಾಗ, ನಡುವಿನ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಆ ಬಿರುಕಿನಲ್ಲಿ ಕೆಲವೇ ಗಂಟೆಗಳೊಳಗೆ ತಿಳಿಯಾದ ದ್ರವ ತುಂಬಿಕೊಳ್ಳುತ್ತದೆ. ಇದೇ ನೀರುಗುಳ್ಳೆ.

ಹಿಮ್ಮಡಿ ಮತ್ತು ಅಂಗಾಲಿನಲ್ಲಿ ಚರ್ಮ ದಪ್ಪವಾಗಿದ್ದು, ಕೆಳಗಿನ ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಲ್ಲಿ ಗುಳ್ಳೆಗಳು ಹೆಚ್ಚು. ಚರ್ಮ ತೆಳುವಾಗಿರುವ ಕಡೆ ಸಾಮಾನ್ಯವಾಗಿ ಗುಳ್ಳೆ ಏಳದೆ ಚರ್ಮವೇ ತರಚಿಹೋಗುತ್ತದೆ.

ಬೆವರಿನಿಂದಲೋ ನೀರಿನಿಂದಲೋ ತೇವಗೊಂಡ ಚರ್ಮಕ್ಕೆ ಜಿಗುಟು ಹೆಚ್ಚು. ಆದುದರಿಂದ ಒದ್ದೆಯಾದ ಪಾದದಲ್ಲಿ ಗುಳ್ಳೆ ಬೇಗ ಏಳುತ್ತದೆ. ಸಡಿಲವಾದ ಚಪ್ಪಲಿ ಪಾದದ ಕೆಳಗೆ ಜಾರಾಡುತ್ತದೆ, ಬಿಗಿಯಾದ ಚಪ್ಪಲಿ ಒತ್ತುತ್ತದೆ, ಎರಡೂ ಕೆಟ್ಟವೇ. ಭಾರ ಹೊತ್ತು ನಡೆದರೆ ಉಜ್ಜಾಟ ಇನ್ನೂ ಹೆಚ್ಚುತ್ತದೆ.

ಬೇಸಗೆಯಲ್ಲಿ ಕಾದ ಡಾಂಬರು ರಸ್ತೆಯ ಮೇಲಾಗಲಿ, ದೇವಸ್ಥಾನದ ಕಲ್ಲುಹಾಸಿನ ಮೇಲಾಗಲಿ ಬರಿಗಾಲಿನಲ್ಲಿ ನಡೆದಾಗ ಏಳುವ ಗುಳ್ಳೆ ಬೇರೆ ಬಗೆಯದು. ಅದು ಸುಟ್ಟಗಾಯ. ಅಂತಹ ಪಾದದ ಮೇಲೆ ಕೂಡಲೇ ತಣ್ಣನೆಯ ಶುದ್ಧ ನೀರನ್ನು ಸುಮಾರು 20 ನಿಮಿಷಗಳ ಕಾಲ ಹರಿಯಬಿಡಬೇಕು. ಮಂಜುಗಡ್ಡೆಯನ್ನು ಇಡಬಾರದು. ಸುಟ್ಟಗಾಯದ ಗುಳ್ಳೆಯನ್ನು ಮನೆಯಲ್ಲಿ ಚುಚ್ಚಬಾರದು.

ಬಾರದಂತೆ ತಡೆಯುವ ಕ್ರಮಗಳು

ಚಪ್ಪಲಿಯ ಆಯ್ಕೆ: ಚಪ್ಪಲಿಯನ್ನು ಸಂಜೆಯ ವೇಳೆ ಕೊಳ್ಳುವುದು ಒಳ್ಳೆಯದು. ದಿನವೆಲ್ಲಾ ದುಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಆಗ ಸರಿಯಾದ ಅಳತೆ ಸಿಗುತ್ತದೆ. ಅನೇಕ ಮನೆಗಳಲ್ಲಿ ಗಂಡನು ಸಂತೆಯಿಂದ ಅಂದಾಜಿನ ಮೇಲೆ ಹೆಂಡತಿಗೆ ಚಪ್ಪಲಿ ತರುವ ಪದ್ಧತಿಯಿದೆ. ಅಂದಾಜಿನ ಚಪ್ಪಲಿ ಬಹುಮಟ್ಟಿಗೆ ಕಚ್ಚುವ ಚಪ್ಪಲಿಯೇ ಆಗುತ್ತದೆ. ಇಬ್ಬರೂ ಒಟ್ಟಿಗೆ ಹೋಗಿ ಕೊಳ್ಳುವುದು ಉತ್ತಮ. ಆಗದಿದ್ದಲ್ಲಿ ಕಾಗದದ ಮೇಲೆ ಎರಡೂ ಪಾದಗಳನ್ನು ಊರಿಸಿ, ಸುತ್ತಲೂ ಗೆರೆ ಎಳೆದು, ಆ ಕಾಗದವನ್ನು ಕೊಂಡೊಯ್ಯಿರಿ. ಎರಡು ಪಾದಗಳು ಒಂದೇ ಅಳತೆಯವಾಗಿರುವುದಿಲ್ಲ. ದೊಡ್ಡದಕ್ಕೆ ಹೊಂದುವುದನ್ನು ಆರಿಸಿರಿ. ಹೊಸ ಚಪ್ಪಲಿಯನ್ನು ಮೊದಲ ದಿನವೇ ದೂರದ ದಾರಿಗೆ ತೊಡದೆ, ಮನೆಯ ಸುತ್ತ ದಿನಕ್ಕೆ ಒಂದೆರಡು ಗಂಟೆ ಹಾಕಿಕೊಂಡು ಪಳಗಿಸಿರಿ.

ಕಾಲುಂಗುರ: ಮುತ್ತೈದೆಯರ ಕಾಲುಂಗುರ ಬಿಗಿಯಾಗಿದ್ದರೆ, ಅದರ ಅಂಚು ಪಕ್ಕದ ಬೆರಳಿಗೆ ಉಜ್ಜಿ ಗುಳ್ಳೆ ಏಳುವುದುಂಟು. ಕೆಸರಿನಲ್ಲಿ ಕೆಲಸ ಮಾಡುವಾಗ ಉಂಗುರದ ಕೆಳಗೆ ಮರಳು ಸೇರಿ ಚರ್ಮವನ್ನು ತರಚುತ್ತದೆ. ಕಾಲುಂಗುರ ಸುಲಭವಾಗಿ ತಿರುಗುವಷ್ಟು ಸಡಿಲವಾಗಿರಲಿ. ಸ್ನಾನ ಮಾಡುವಾಗ ಅದರ ಕೆಳಭಾಗವನ್ನೂ ತೊಳೆದು ಒರೆಸಿರಿ. ಬೆರಳು ಊದಿಕೊಂಡಾಗ ಅದನ್ನು ತೆಗೆದಿಡಲು ಸಂಕೋಚ ಬೇಡ.

ಕೆಸರು ಗದ್ದೆಯ ಕೆಲಸ: ನಾಟಿಯ ಕಾಲದಲ್ಲಿ ದಿನವಿಡೀ ನೀರಿನಲ್ಲಿ ನಿಂತ ಪಾದದ ಚರ್ಮ ನೆನೆದು ಬಿಳುಪೇರಿ ಮೆತ್ತಗಾಗುತ್ತದೆ. ಅದು ಬೇಗ ಕಿತ್ತುಬರುತ್ತದೆ. ಕೆಲಸ ಮುಗಿದೊಡನೆ ಸಾಬೂನಿನಿಂದ ಪಾದ ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿರಿ. ಒಡೆದ ಗುಳ್ಳೆಯಿದ್ದಾಗ ನಿಂತ ನೀರಿಗೆ ಇಳಿಯದಿರುವುದೇ ಲೇಸು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರದ ರೋಗಾಣು ಇಂತಹ ಗಾಯಗಳ ಮೂಲಕವೇ ದೇಹವನ್ನು ಸೇರುತ್ತದೆ. ಗದ್ದೆಯ ಕೆಲಸ ಮಾಡಿದ ಕೆಲವು ದಿನಗಳಿಂದ ಮೂರು ನಾಲ್ಕು ವಾರಗಳೊಳಗೆ ಚಳಿಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಗದ್ದೆಗೆ ಇಳಿದಿದ್ದ ವಿಷಯವನ್ನು ತಿಳಿಸಿರಿ.

ಪಾದಯಾತ್ರೆ: ಶಿವರಾತ್ರಿಗೆ ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳಕ್ಕೆ, ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ, ಕಾಡುದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಬಹಳ. ಇವರಲ್ಲಿ ಅನೇಕರನ್ನು ದಾರಿಯಲ್ಲಿ ಕೂರಿಸುವುದು ಆಯಾಸವಲ್ಲ, ಗುಳ್ಳೆ. ಯಾತ್ರೆಗೆ ಒಂದು ತಿಂಗಳು ಮೊದಲಿನಿಂದಲೇ ದಿನವೂ ನಡೆದು, ದೂರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ, ಚರ್ಮ ಗಟ್ಟಿಯಾಗುತ್ತದೆ. ಯಾತ್ರೆಗೆಂದು ಹೊಸ ಬೂಟು ತೊಡಬೇಡಿ. ಬೂಟು ಹಾಕುವವರು ತೆಳುವಾದ ಕಾಲುಚೀಲದ ಮೇಲೆ ದಪ್ಪನೆಯದೊಂದನ್ನು ತೊಟ್ಟರೆ, ಉಜ್ಜಾಟ ಚರ್ಮದ ಮೇಲಾಗದೆ ಎರಡು ಚೀಲಗಳ ನಡುವೆ ಆಗುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ, ಬದಲಾಯಿಸಲು ಒಣಗಿದ ಇನ್ನೊಂದು ಜೊತೆ ಚೀಲದಲ್ಲಿರಲಿ. ಹರಕೆಯಿಂದ ಬರಿಗಾಲಿನಲ್ಲಿ ನಡೆಯುವವರು ಬೆಳಗಿನ ಜಾವ ಮತ್ತು ಸಂಜೆ ಮಾತ್ರ ನಡೆದು, ಬಿಸಿಲಿನಲ್ಲಿ ನೆರಳು ಸೇರಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಿನ ಹರಕೆಯನ್ನು ಹೊರಬಾರದು.

ವ್ಯಾಸಲೀನ್ ಸವರಿದರೆ ಉಜ್ಜಾಟ ಮೊದಲು ಕಡಿಮೆಯಾಗುತ್ತದೆ. ಆದರೆ ಒಂದೆರಡು ಗಂಟೆ ಕಳೆದ ಮೇಲೆ ಆ ಗುಣ ಹೋಗಿ, ಚರ್ಮ ಮೊದಲಿಗಿಂತಲೂ ಜಿಗುಟಾಗಬಹುದು. ಆದ್ದರಿಂದ ಒರೆಸಿ ಮತ್ತೆ ಮತ್ತೆ ಸವರಬೇಕು. ಇದಕ್ಕಿಂತ ಸುಲಭವಾದುದು ಔಷಧದ ಅಂಗಡಿಯಲ್ಲಿ ಸಿಗುವ ಪೇಪರ್ ಟೇಪ್. ಹಿಂದೆ ಗುಳ್ಳೆ ಎದ್ದಿದ್ದ ಜಾಗಕ್ಕೆ ನಡಿಗೆಗೆ ಮೊದಲೇ ಸುಕ್ಕಿಲ್ಲದಂತೆ ಇದನ್ನು ಅಂಟಿಸಬೇಕು. ಮರುಭೂಮಿಗಳಲ್ಲಿ ಹಲವು ದಿನ ಓಡುವ ಓಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಟೇಪಿನಿಂದ ಗುಳ್ಳೆಗಳು ಕಡಿಮೆಯಾದುದು ಕಂಡುಬಂದಿದೆ.

ಎಲ್ಲಕ್ಕಿಂತ ಮುಖ್ಯವಾದುದು ಮುನ್ಸೂಚನೆಯನ್ನು ಅರಿಯುವುದು. ಗುಳ್ಳೆ ಏಳುವ ಮೊದಲು ಆ ಜಾಗ ಕೆಂಪಾಗಿ ಉರಿಯತೊಡಗುತ್ತದೆ. ‘ಇನ್ನೊಂದು ಮೈಲಿ ಹೋಗಿಬಿಡೋಣ’ ಎನ್ನದೆ, ಅಲ್ಲಿಯೇ ಕುಳಿತು, ಕಲ್ಲು ಮಣ್ಣು ಕೊಡವಿ, ಪಾದ ಒಣಗಿಸಿ, ಟೇಪ್ ಅಂಟಿಸಿರಿ. ಹತ್ತು ನಿಮಿಷದ ಈ ವಿರಾಮ ಐದು ದಿನಗಳ ನೋವನ್ನು ತಪ್ಪಿಸಬಲ್ಲದು.

ಗುಳ್ಳೆ ಎದ್ದಾಗ ಉಪಚಾರ

ಗುಳ್ಳೆಯ ಮೇಲಿನ ಚರ್ಮವು ಪ್ರಕೃತಿಯೇ ಕಟ್ಟಿದ ಪಟ್ಟಿ. ರೋಗಾಣುಗಳನ್ನು ಹೊರಗಿಡಲು ಅದಕ್ಕಿಂತ ಉತ್ತಮವಾದ ಪಟ್ಟಿ ಯಾವ ಅಂಗಡಿಯಲ್ಲಿಯೂ ಇಲ್ಲ. ಅದರ ಆಶ್ರಯದಲ್ಲಿ ಒಂದೆರಡು ದಿನಗಳಲ್ಲಿಯೇ ಹೊಸ ಪದರ ಮೂಡತೊಡಗಿ, ಸುಮಾರು ಐದು ದಿನಗಳಲ್ಲಿ ಹೊಸ ಹೊರಚರ್ಮ ಸಿದ್ಧವಾಗುತ್ತದೆ. ಆದ್ದರಿಂದ ಗುಳ್ಳೆಯ ಚರ್ಮವನ್ನು ಯಾವ ಕಾರಣಕ್ಕೂ ಕಿತ್ತುಹಾಕಬೇಡಿ.

ಗುಳ್ಳೆ ಚಿಕ್ಕದಾಗಿದ್ದು ಹೆಚ್ಚು ನೋಯದಿದ್ದರೆ ಅದನ್ನು ಹಾಗೆಯೇ ಬಿಡಿರಿ. ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಶುದ್ಧ ಬಟ್ಟೆಯ ಪಟ್ಟಿ ಕಟ್ಟಿರಿ. ಒತ್ತಡ ಬೀಳುವ ಜಾಗವಾದರೆ, ಹೆಂಗಸರು ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯಂತೆ ಮೆತ್ತನೆಯ ಬಟ್ಟೆಯ ಚಿಕ್ಕ ಬಳೆಯೊಂದನ್ನು ಮಾಡಿ, ಗುಳ್ಳೆಯು ಅದರ ನಡುವಿನ ತೂತಿನಲ್ಲಿ ಬರುವಂತೆ ಇಟ್ಟು ಪಟ್ಟಿ ಹಾಕಿರಿ. ಭಾರವೆಲ್ಲ ಬಳೆಯ ಮೇಲೆ ಬಿದ್ದು ಗುಳ್ಳೆಗೆ ಬಿಡುವು ಸಿಗುತ್ತದೆ.

ಗುಳ್ಳೆ ದೊಡ್ಡದಾಗಿದ್ದು, ನಡೆಯಲಾಗದಷ್ಟು ನೋವಿದ್ದರೆ ಮಾತ್ರ ನೀರನ್ನು ಹೊರತೆಗೆಯಬಹುದು. ಅದರ ಕ್ರಮ ಹೀಗಿದೆ:

1. ಕೈಗಳನ್ನೂ ಗುಳ್ಳೆಯನ್ನೂ ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ.

2. ಔಷಧದ ಅಂಗಡಿಯ ಹೊಸ ಸೂಜಿ ಉತ್ತಮ. ಹೊಲಿಗೆಯ ಸೂಜಿಯಾದರೆ, ಕುದಿಯುವ ನೀರಿನಲ್ಲಿ 20 ನಿಮಿಷ ಕುದಿಸಿ ಆರಿಸಿರಿ.

3. ಗುಳ್ಳೆಯ ಅಂಚಿನಲ್ಲಿ, ಬುಡದ ಬಳಿ, ಎರಡು ಮೂರು ಕಡೆ ಮೆಲ್ಲಗೆ ಚುಚ್ಚಿರಿ. ನೆತ್ತಿಯಲ್ಲಿ ಚುಚ್ಚಬೇಡಿ.

4. ಶುದ್ಧ ಬಟ್ಟೆಯಿಂದ ಮೃದುವಾಗಿ ಒತ್ತಿ ನೀರನ್ನು ಹೊರಬಿಡಿರಿ. ಮೇಲಿನ ಚರ್ಮವನ್ನು ಕೆಳಕ್ಕೆ ಒರಗಿಸಿ ಹಾಗೆಯೇ ಉಳಿಸಿರಿ.

5. ವ್ಯಾಸಲೀನ್ ತೆಳುವಾಗಿ ಸವರಿ, ಶುದ್ಧ ಪಟ್ಟಿ ಕಟ್ಟಿ, ದಿನವೂ ಮತ್ತು ಪಟ್ಟಿ ಒದ್ದೆಯಾದಾಗಲೆಲ್ಲಾ ಬದಲಾಯಿಸಿರಿ.

6. ಮೊದಲ ದಿನ ನೀರು ಮತ್ತೆ ತುಂಬಿಕೊಳ್ಳುವುದು ಸಹಜ. ಇದೇ ಕ್ರಮದಲ್ಲಿ ಇನ್ನೊಂದೆರಡು ಬಾರಿ ತೆಗೆಯಬಹುದು.

ರಕ್ತ ತುಂಬಿದ ಗುಳ್ಳೆಯನ್ನು ಚುಚ್ಚಬಾರದು. ಗುಳ್ಳೆ ತಾನಾಗಿಯೇ ಒಡೆದುಹೋಗಿದ್ದರೆ ತೊಳೆದು, ಚರ್ಮವನ್ನು ಅದರ ಜಾಗದಲ್ಲಿಯೇ ಹಾಸಿ, ಪಟ್ಟಿ ಕಟ್ಟಬೇಕು.

ಮಾಡಬಾರದ ಕೆಲಸಗಳು

ಕೆಲವರು ಸೂಜಿಗೆ ದಾರ ಪೋಣಿಸಿ ಗುಳ್ಳೆಯಲ್ಲಿ ಹಾಯಿಸಿ, ನೀರು ಸೋರಲೆಂದು ದಾರವನ್ನು ಅಲ್ಲಿಯೇ ಬಿಡುವುದುಂಟು. ನೀರು ಹೊರಬರುವ ಅದೇ ದಾರದ ಮೂಲಕ ರೋಗಾಣುಗಳು ಒಳಗೆ ಹೋಗುತ್ತವೆ. ಇದನ್ನು ಬಿಡಬೇಕು. ಸುಣ್ಣ, ಬೂದಿ, ಸೀಮೆಎಣ್ಣೆ, ಹೊಗೆಸೊಪ್ಪು, ಹಲ್ಲುಜ್ಜುವ ಪೇಸ್ಟು ಇವಾವುವೂ ಗಾಯಕ್ಕೆ ಮದ್ದಲ್ಲ. ಸಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುವುದರಿಂದ ಅವನ್ನು ಹಚ್ಚುವುದು ಪ್ರಾಣಾಪಾಯಕರ. ಧನುರ್ವಾಯು ತಡೆಯುವ ಲಸಿಕೆ ಪಡೆದು ಹತ್ತು ವರ್ಷ ಕಳೆದಿದ್ದರೆ, ಗಾಯ ಮಣ್ಣು ಸಗಣಿಯಿಂದ ಕೊಳೆಯಾಗಿದ್ದಲ್ಲಿ ಐದು ವರ್ಷ ಕಳೆದಿದ್ದರೆ, ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ ಟಿ.ಡಿ. ಲಸಿಕೆ ಪಡೆಯಿರಿ.

ಸಣ್ಣ ಗುಳ್ಳೆಯ ನಂಜು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಒಂದು ನಿದರ್ಶನವಿದೆ. 1924ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗನು ಕಾಲುಚೀಲವಿಲ್ಲದೆ ಬೂಟು ತೊಟ್ಟು ಟೆನಿಸ್ ಆಡಿದನು. ಬೆರಳಿನ ಮೇಲೆ ಗುಳ್ಳೆ ಎದ್ದು, ಅದಕ್ಕೆ ನಂಜು ತಗುಲಿ, ಅದು ರಕ್ತಕ್ಕೇರಿ ಒಂದು ವಾರದಲ್ಲಿ ಅವನು ಮೃತನಾದನು. ಪೆನಿಸಿಲಿನ್ ಎಂಬ ಔಷಧಿ ಪತ್ತೆಯಾದುದೇ 1928ರಲ್ಲಿ. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಇಂತಹ ನಂಜಿಗೆ ಔಷಧಿಗಳಿವೆ. ಬೇಕಾದುದು ಸಕಾಲದಲ್ಲಿ ಬರುವ ಮನಸ್ಸು ಮಾತ್ರ.

ನೋವಿಲ್ಲದ ಗುಳ್ಳೆಯೇ ಹೆಚ್ಚು ಅಪಾಯಕಾರಿ

ನೋವನ್ನು ನಾವು ಶತ್ರುವೆಂದು ತಿಳಿಯುತ್ತೇವೆ. ವಾಸ್ತವವಾಗಿ ನೋವು ಪಾದದ ಕಾವಲುಗಾರ. ನೋವಾದಾಗ ನಾವು ನಿಲ್ಲುತ್ತೇವೆ, ನೋಡುತ್ತೇವೆ, ಉಪಚರಿಸುತ್ತೇವೆ. ಗುಳ್ಳೆಯಿದ್ದೂ ನೋವು ತಿಳಿಯದಿದ್ದರೆ ಆ ಪಾದದ ನರಗಳು ಕೆಟ್ಟಿರಬಹುದೆಂದು ಅರಿಯಬೇಕು. ಇದಕ್ಕೆ ಮುಖ್ಯ ಕಾರಣಗಳು ಎರಡು.

ಮೊದಲನೆಯದು ಸಕ್ಕರೆ ಕಾಯಿಲೆ. ಬಹುಕಾಲ ಹತೋಟಿಯಲ್ಲಿಲ್ಲದ ಸಕ್ಕರೆಯು ಪಾದದ ನರಗಳನ್ನು ಕುಗ್ಗಿಸುತ್ತದೆ. ರಕ್ತಸಂಚಾರವನ್ನೂ ಕಡಿಮೆ ಮಾಡುತ್ತದೆ. ಗುಳ್ಳೆ ಎದ್ದರೂ ತಿಳಿಯದು, ಒಡೆದರೂ ತಿಳಿಯದು, ಕೀವಾದರೂ ತಿಳಿಯದು. ಗಾಯವು ಮೂಳೆಗೆ ಮುಟ್ಟಿದ ಮೇಲೆ ಆಸ್ಪತ್ರೆಗೆ ಬಂದರೆ ಕಾಲನ್ನು ಉಳಿಸುವುದು ಕಷ್ಟ. 30 ವರ್ಷ ದಾಟಿದ ಸ್ತ್ರೀಪುರುಷರೆಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡನೆಯದು ಕುಷ್ಠರೋಗ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ, ಪಾದದಲ್ಲಿ ಜೋಮು ಕಂಡರೆ ಅಂಜದೆ ತೋರಿಸಿರಿ. ಇದು ಶಾಪವಲ್ಲ, ಪೂರ್ಣವಾಗಿ ಗುಣವಾಗುವ ರೋಗ. ಬಹುವಿಧ ಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೂ ಈ ರೋಗಿಗಳಿಗೆ ಉಚಿತವಾಗಿ ಕೊಡಲಾಗುತ್ತದೆ.

ಗಂಡಹೆಂಡಿರು ಮನೆಯಲ್ಲಿಯೇ ಪರಸ್ಪರ ಮಾಡಿಕೊಳ್ಳಬಹುದಾದ ಸರಳ ಪರೀಕ್ಷೆಯೊಂದನ್ನು 2011ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್ ನಗರದ ವೈದ್ಯರು ಪ್ರಕಟಿಸಿದರು. ಇದಕ್ಕೆ ಯಾವ ಉಪಕರಣವೂ ಬೇಡ. ಒಬ್ಬರು ಕಣ್ಣು ಮುಚ್ಚಿ ಮಲಗಬೇಕು. ಇನ್ನೊಬ್ಬರು ತಮ್ಮ ಬೆರಳ ತುದಿಯಿಂದ ಮಲಗಿದವರ ಕಾಲ್ಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಹೀಗೆ ಒಟ್ಟು ಆರು ಬೆರಳುಗಳನ್ನು ಒಂದೊಂದೇ ಸಲ ಮುಟ್ಟಬೇಕು. ಮಲಗಿದವರು ಸ್ಪರ್ಶ ತಿಳಿದಾಗ ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳ ಸ್ಪರ್ಶ ತಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಸ್ಪರ್ಶ ಕುಂದಿದವರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು. ಚಪ್ಪಲಿ ಮೆಟ್ಟುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಒಲೆಯ ಮುಂದೆ ಪಾದ ಕಾಯಿಸಬಾರದು. ಗುಳ್ಳೆ ಎದ್ದರೆ ಮನೆಯಲ್ಲಿ ಚುಚ್ಚದೆ, ಶುದ್ಧ ಪಟ್ಟಿ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕದೆ, ಅದೇ ದಿನ ಅಥವಾ ತಪ್ಪಿದರೆ ಮರುದಿನ ಆರೋಗ್ಯ ಕೇಂದ್ರಕ್ಕೆ ಬರಬೇಕು. ಆನೆಕಾಲು ರೋಗದಿಂದ ಕಾಲು ಊದಿಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

ಗರ್ಭಿಣಿಯ ಪಾದ

ತಿಂಗಳು ತುಂಬುತ್ತಾ ಬಂದಂತೆ ಗರ್ಭಿಣಿಯ ಪಾದಗಳು ಸಂಜೆಯ ಹೊತ್ತಿಗೆ ಸ್ವಲ್ಪ ಊದಿಕೊಳ್ಳುವುದು ಸಾಮಾನ್ಯ. ಮೊದಲಿನ ಚಪ್ಪಲಿ, ಮೊದಲಿನ ಕಾಲುಂಗುರ ಆಗ ಕಚ್ಚತೊಡಗುತ್ತವೆ. ಆಕೆ ಬಗ್ಗಿ ತನ್ನ ಪಾದ ನೋಡಿಕೊಳ್ಳಲೂ ಆಗುವುದಿಲ್ಲ. ಈ ಕಾಲದಲ್ಲಿ ಆಕೆಯ ಪಾದಗಳನ್ನು ದಿನವೂ ನೋಡುವುದು ಗಂಡನ ಕರ್ತವ್ಯ. ಊತವು ಮುಖಕ್ಕೂ ಕೈಗಳಿಗೂ ಬಂದು, ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ಅದು ಚಪ್ಪಲಿಯ ದೋಷವಲ್ಲ. ರಕ್ತದೊತ್ತಡ ಏರಿರುವ ಸೂಚನೆಯಿರಬಹುದು. ಕೂಡಲೇ 108 ವಾಹನ ಕರೆದು ಆಸ್ಪತ್ರೆಗೆ ಕರೆತರಬೇಕು.

ವೈದ್ಯರ ಬಳಿಗೆ ಯಾವಾಗ?

ಗುಳ್ಳೆಯ ಸುತ್ತ ಕೆಂಪು ಹರಡುತ್ತಿದ್ದರೆ. ಬಿಸಿ, ಊತ, ನೋವು ಹೆಚ್ಚುತ್ತಿದ್ದರೆ. ತಿಳಿನೀರಿನ ಬದಲು ಕೀವು ಅಥವಾ ದುರ್ವಾಸನೆ ಇದ್ದರೆ. ಕಾಲಿನ ಮೇಲ್ಭಾಗಕ್ಕೆ ಕೆಂಪುಗೆರೆ ಏರುತ್ತಿದ್ದರೆ. ತೊಡೆಯ ಸಂದಿನಲ್ಲಿ ಗಂಟು ಎದ್ದರೆ. ಚಳಿಜ್ವರ ಬಂದರೆ ಒಂದು ದಿನವೂ ತಡಮಾಡಬೇಡಿ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಬೇಡಿ. ಉಜ್ಜಾಟವಿಲ್ಲದೆಯೇ ಪಾದದಲ್ಲಿ ಮತ್ತೆ ಮತ್ತೆ ಗುಳ್ಳೆಗಳು ಏಳುತ್ತಿದ್ದರೂ ಪರೀಕ್ಷೆ ಅಗತ್ಯ.

ದಂಪತಿಗಳೇ, ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಗೃಹಿಣಿ ಉಣ್ಣುವಂತೆ, ಎಲ್ಲರ ಗಾಯ ಮಾದ ಮೇಲೆ ಆಕೆಯ ಗಾಯದ ಸರದಿ ಬರುತ್ತದೆ. ಅಷ್ಟರಲ್ಲಿ ಅದು ಬಲಿತಿರುತ್ತದೆ. ರಾತ್ರಿ ಮಲಗುವ ಮುನ್ನ ಇಬ್ಬರೂ ಪಾದ ತೊಳೆದು ಒರೆಸಿಕೊಂಡು, ದೀಪದ ಬೆಳಕಿನಲ್ಲಿ ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿರಿ. ಇದಕ್ಕೆ ಬೇಕಾದುದು ಐದು ನಿಮಿಷ. ಖರ್ಚು ಏನೂ ಇಲ್ಲ.

ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಗುಳ್ಳೆಯ ಮೇಲಿನ ಚರ್ಮವನ್ನು ಏಕೆ ಕೀಳಬಾರದು?

2. ಗುಳ್ಳೆಯ ನೀರು ತೆಗೆಯಬೇಕಾದಾಗ ಯಾವ ಭಾಗದಲ್ಲಿ ಚುಚ್ಚಬೇಕು?

3. ಯಾವ ಯಾವ ಗುಳ್ಳೆಗಳನ್ನು ಮನೆಯಲ್ಲಿ ಚುಚ್ಚಲೇಬಾರದು?

4. ನೋವಿಲ್ಲದ ಗುಳ್ಳೆ ಏಕೆ ಅಪಾಯಕಾರಿ?

5. ನಮ್ಮಿಬ್ಬರ ಕಾಲ್ಬೆರಳುಗಳ ಸ್ಪರ್ಶ ಪರೀಕ್ಷೆಯನ್ನು ನಾವು ಮಾಡಿದೆವೇ?